ಡಿ ದರ್ಜೆಯ ಊರಿಗೆ ಹೋಗಿ ಬಂದೆ

ಹುಮನಾಬಾದ್ ಬಸ್‌ಸ್ಟ್ಯಾಂಡ್

ವಿದೇಶಕ್ಕೆ ಹೋಗಿ ಬಂದವರು ಮೊದಲು ವಿಮಾನದ ವಿಷಯ ಬರೆಯುತ್ತಾರೆ. ನಾನು ಟವೆಲ್ಲಿನ ವಿಷಯ ಬರೆಯುತ್ತೇನೆ.

ಹುಮನಾಬಾದಿನಲ್ಲಿ ಬಸ್ಸು ಇನ್ನೂ ನಿಂತಿರುವುದಿಲ್ಲ, ಆಗಲೇ ಕಿಟಕಿಯಿಂದ ಟವೆಲ್ಲು, ಟೋಪಿ, ಚೀಲ, ಒಮ್ಮೊಮ್ಮೆ ಕೂಸು ಕೂಡ ಒಳಗೆ ಬೀಳುತ್ತವೆ. ಬಿದ್ದಲ್ಲಿ ಸೀಟು ಅವರದು. ಇದನ್ನು ಯಾವ ಸರ್ಕಾರವೂ ಬರೆದಿಟ್ಟಿಲ್ಲ, ಆದರೂ ಎಲ್ಲರೂ ಪಾಲಿಸುತ್ತಾರೆ. ಟವೆಲ್ಲು ಯಾರದೆಂದು ಗೊತ್ತಾದಾಗ ಮಾತ್ರ ಕೆಲವೊಮ್ಮೆ ಕಾನೂನು ಬದಲಾಗುತ್ತದೆ. ನಮ್ಮಪ್ಪನ ಟವೆಲ್ಲನ್ನು ಒಬ್ಬರು ಬೆತ್ತದ ತುದಿಯಿಂದ ಎತ್ತಿ ಹೊರಗೆ ಹಾಕಿದ್ದನ್ನು ನಾನು ಸಣ್ಣವನಿದ್ದಾಗ ಕಂಡಿದ್ದೇನೆ. ಅಪ್ಪ ಅದನ್ನು ಝಾಡಿಸಿ ಹೆಗಲಿಗೆ ಹಾಕಿಕೊಂಡು ರಾಜೇಶ್ವರದವರೆಗೂ ನಿಂತೇ ಬಂದ.

ನಮ್ಮದು ಬಸವಕಲ್ಯಾಣ ತಾಲೂಕು. ರಾಜೇಶ್ವರದಲ್ಲಿ ಇಳಿದು ಕರಿಮಣ್ಣಿನ ದಾರಿಯಲ್ಲಿ ಒಳಗೆ ನಡೆಯಬೇಕು. ಊರು ಎಂದರೆ ಹಳ್ಳದ ಈಚೆಗಿನದು. ನಾವು ಹಳ್ಳದ ಆಚೆಗಿನವರು. ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ಅಪ್ಪ ಗೋಡೆಯ ಮೇಲಿನ ಹಳೆಯ ದೇವರನ್ನು ಇಳಿಸಿ ಬುದ್ಧನ ಪಟ ಏರಿಸಿದ. ರಾಜ್ಯ ಬದಲಾಯಿತು, ಗೋಡೆಯ ಪಟ ಬದಲಾಯಿತು, ಹಳ್ಳದ ಮೇಲೆ ಸೇತುವೆ ಮಾತ್ರ ಬರಲಿಲ್ಲ. ಮಳೆಗಾಲದಲ್ಲಿ ನನ್ನ ಅಕ್ಕನಿಗೆ ಹೆರಿಗೆ ನೋವು ಬಂದಾಗ ಹೊರಸಿನ ಮೇಲೆ ಮಲಗಿಸಿ, ಎದೆಮಟ್ಟದ ನೀರಿನಲ್ಲಿ ಹೊತ್ತು ದಾಟಿಸಿದೆವು. ಅಕ್ಕ ಉಳಿದಳು. ಕೂಸು ಉಳಿಯಲಿಲ್ಲ.

ಗುಲ್ಬರ್ಗಾದ ಕಾಲೇಜಿನಲ್ಲಿ ನಾನು ಚರ್ಚಾಕೂಟದ ಹುಲಿ. ಪರ ಮಾತಾಡು ಎಂದರೆ ಪರ, ವಿರೋಧ ಎಂದರೆ ವಿರೋಧ. ಗೆದ್ದ ಢಾಲುಗಳು ಕಾಲೇಜಿನ ಕಪಾಟಿನಲ್ಲಿವೆ. ಆ ಬಾಯಿಯ ಬಲದಿಂದಲೇ ಜಿಲ್ಲೆಯ ಯೋಜನಾ ಕಚೇರಿಯಲ್ಲಿ ಸಹಾಯಕನಾದೆ, ಎಪ್ಪತ್ತರ ದಶಕದ ನಡುವೆ ಇಂಗ್ಲೆಂಡಿಗೆ ತರಬೇತಿಗೂ ಆಯ್ಕೆಯಾದೆ. ಹೊರಡುವ ಮುಂಚೆ ಸಾಹೇಬರು ಕರೆದು ಕೂರಿಸಿ ಹೇಳಿದರು:

“ನೋಡು ತಮ್ಮಾ, ಎಲ್ಲಾ ಹಳ್ಳಿಗೂ ರೋಡ್ ಹಾಕ್ಲಿಕ್ಕ ಇದೇನ್ ನಿಜಾಮನ ಖಜಾನಾ ಅಲ್ಲ. ಯಾವ ಊರು ಬೆಳೀತದ, ಯಾವುದು ಬೆಳ್ಯಂಗಿಲ್ಲ, ಅದರ ದರ್ಜೆ ಹಚ್ಚೂದು ಆ ಮಂದಿ ಛಲೋ ಮಾಡ್ತಾರಂತ. ಕಲ್ತು ಬಾ. ಬಂದು ಹುಮನಾಬಾದ್-ಕಲ್ಯಾಣ ಭಾಗದ ನಕಾಶೆ ಮಾಡು. ಆ ನಕಾಶೆದಾಗ ದರ್ಜೆ ಸಿಕ್ಕ ಊರಿಗಿ ರೋಡು, ಬಸ್ಸು. ಉಳದವ್ರಿಗಿ ರಾಮ್ ರಾಮ್.”

ಬಸ್‌ಸ್ಟ್ಯಾಂಡಿಗೆ ಅವ್ವ ಬಂದಿದ್ದಳು. ಶೇಂಗಾ ಹಿಂಡಿಯ, ಅಂದರೆ ಖಾರದ ಚಟ್ನಿಯ, ಡಬ್ಬಿ ಕೈಗಿಟ್ಟು, “ಅಲ್ಲಿ ಸಾಹೇಬ್ ಮಂದಿ ಮುಂದ ನಮ್ಮ ಹಳ್ಳದ್ದೊಂದ್ ಮಾತ್ ಹಾಕು” ಎಂದಳು.

“ಅವ್ವಾ, ಅವರಿಗೂ ನಮ್ಮ ಹಳ್ಳಕ್ಕೂ ಏನ್ ಸಂಬಂಧ?”

“ರಸ್ತಾ ಮಾಡೂದು ಕಲಸ್ತಾರಂತ ನೀನೇ ಅಂದಿಲ್ಲೇನು? ಕಲ್ತವ್ರಿಗಿ ಕೇಳಿದ್ರ ಬಾಯೇನ್ ಸವೀತದ?”

ಬಸ್ಸು ಬಂತು. ಕಿಟಕಿಯಿಂದ ಟವೆಲ್ಲು ಒಗೆದೆ.

ಕೌಂಟಿ ಕಚೇರಿ

ಉತ್ತರ ಇಂಗ್ಲೆಂಡಿನ ಆ ಕೌಂಟಿಯಲ್ಲಿ ಮೊದಲ ದಿನವೇ ಮರ್ಯಾದೆ ಕಳೆದುಕೊಂಡೆ. ಬಸ್ಸು ಬಂದ ಕೂಡಲೇ ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. ಟವೆಲ್ಲು ಇರಲಿಲ್ಲ, ಕರವಸ್ತ್ರವನ್ನು ಬಾಗಿಲಿನಿಂದಲೇ ಮುಂದಿನ ಸೀಟಿನ ಮೇಲೆ ಒಗೆದೆ. ಸಾಲಿನಲ್ಲಿ ನನ್ನ ಮುಂದಿದ್ದ ಮುದುಕರೊಬ್ಬರು ಹತ್ತಿ, ಕರವಸ್ತ್ರವನ್ನು ಎತ್ತಿ, ಮಡಿಸಿ, “ಇದು ನಿಮ್ಮದು, ಬಿದ್ದಿತ್ತು” ಎಂದು ನನ್ನ ಕೈಗೆ ಕೊಟ್ಟು ಅದೇ ಸೀಟಿನಲ್ಲಿ ಕೂತರು. ನಾನು ಥ್ಯಾಂಕ್ಯೂ ಎಂದೆ. ಸೀಟು ಕಸಿದುಕೊಂಡವನಿಗೆ ಥ್ಯಾಂಕ್ಯೂ ಹೇಳಿದ್ದು ಜನ್ಮದಲ್ಲಿ ಅದೇ ಮೊದಲು. ಆ ದೇಶದಲ್ಲಿ ಎಲ್ಲವನ್ನೂ ಹಾಗೆಯೇ ಕಸಿದುಕೊಳ್ಳುತ್ತಾರೆಂದು ಆಮೇಲೆ ತಿಳಿಯಿತು.

ಕಚೇರಿಯ ಗೋಡೆಯ ತುಂಬ ಕೌಂಟಿಯ ನಕ್ಷೆ. ಅದರ ಮೇಲೆ ಬಣ್ಣದ ಚುಕ್ಕಿಗಳು. ನಮಗೆ ಪಾಠ ಹೇಳಲು ನೇಮಕವಾಗಿದ್ದ ಮಿಸ್ಟರ್ ಲೋವೆಲ್ ಎಂಬ ಅಧಿಕಾರಿ ಉದ್ದನೆಯ ಕೋಲು ಹಿಡಿದು ವಿವರಿಸಿದರು. ಎ ಎಂದರೆ ಬೆಳೆಯುವ ಊರು. ಬಿ ಎಂದರೆ ಇದ್ದಷ್ಟೇ ಇರಲಿ ಎನ್ನುವ ಊರು. ಸಿ ಕೊಂಚ ಕುಗ್ಗಿದರೂ ಶಾಲೆ, ಬಸ್ಸು ಉಳಿಸಿಕೊಳ್ಳುವ ಊರು. ಡಿ ಊರುಗಳಿಗೆ ಹೊಸದಾಗಿ ಏನೂ ಇಲ್ಲ. ಮನೆ ಹಳತಾದರೆ ರಿಪೇರಿ ಇಲ್ಲ, ಬಸ್ಸು ನಿಲ್ಲುತ್ತದೆ, ಖಾಲಿಯಾದ ಮನೆಯನ್ನು ಕೆಡವುತ್ತಾರೆ, ಜನರಿಗೆ ದೂರದ ಹೊಸ ಪಟ್ಟಣದಲ್ಲಿ ಮನೆ ಕೊಡುತ್ತಾರೆ.

“ಅಂದರೆ ಡಿ ಊರು ಸಾಯಲಿ ಎಂದು ಬಿಟ್ಟದ್ದು” ಎಂದೆ.

“ಸಾಯುವುದಲ್ಲ. ಸಹಜವಾಗಿ ಆಯುಷ್ಯ ಮುಗಿಸುವುದು.”

“ಅನ್ನ ನೀರು ನಿಲ್ಲಿಸಿ, ಆಮೇಲೆ ಸತ್ತರೆ ಅದು ಸಹಜವೇ?”

ಜೊತೆಗಿದ್ದ ಘಾನಾದವನೊಬ್ಬ ಕೆಮ್ಮಿದ. ಲೋವೆಲ್ ನಕ್ಕರು. “ನೀವು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಹೋಗುತ್ತಿದ್ದಿರಾ?”

“ಹೌದು.”

“ಗೊತ್ತಾಗುತ್ತದೆ.”

ಅದನ್ನು ನಾನು ಆ ದಿನ ಹೊಗಳಿಕೆ ಎಂದುಕೊಂಡೆ.

ಕೆಳಗಿನ ಸಾಲು

ಪಾಠ ಮುಗಿದ ಮೇಲೆ ಒಬ್ಬೊಬ್ಬರನ್ನೂ ಒಂದೊಂದು ಹಳ್ಳಿಗೆ ಕಳಿಸಿದರು. ನನ್ನ ಪಾಲಿಗೆ ಬಂದದ್ದು ಗಣಿ ಮುಚ್ಚಿದ ಒಂದು ಊರು. ಹೆಸರು ಬರೆಯುವುದಿಲ್ಲ. ಈಗ ಅದಕ್ಕೆ ಹೆಸರು ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಅದರ ದರ್ಜೆ ಇನ್ನೂ ನಿಶ್ಚಯವಾಗಿರಲಿಲ್ಲ, ಸಿ ಮತ್ತು ಡಿ ನಡುವೆ ತೂಗುತ್ತಿತ್ತು. ಊರವರ ಸಭೆ ಕರೆದು ತೀರ್ಮಾನ ಮಾಡುವವರಿದ್ದರು. ಅದನ್ನು ನೋಡಿ ಕಲಿಯಲಿ ಎಂದೇ ನನ್ನನ್ನು ಕಳಿಸಿದ್ದು.

ದಿಬ್ಬದ ಮೇಲೆ ಚರ್ಚು, ಶಾಲೆ, ಅಂಗಡಿ, ಇಟ್ಟಿಗೆಯ ಮನೆಗಳ ಸಾಲುಗಳು. ದಿಬ್ಬದ ಕೆಳಗೆ ಒಂದು ತೊರೆ, ಅದರ ಮೇಲೊಂದು ಸೇತುವೆ, ಆಚೆ ಮಗ್ಗುಲಿಗೆ ಒಂದೇ ಒಂದು ಸಾಲು. ಲೋವೆಲ್ ನನಗಾಗಿ ಮೇಲಿನ ಮನೆಗಳಲ್ಲಿ ಕೋಣೆ ಕೇಳಿದ್ದರಂತೆ. ಒಂದು ಮನೆಯಲ್ಲಿ ಬಣ್ಣ ಹಚ್ಚುತ್ತಿದ್ದರು, ಇನ್ನೊಂದರಲ್ಲಿ ತಂಗಿ ಬರುವವಳಿದ್ದಳು. ಇಡೀ ದಿಬ್ಬದಲ್ಲಿ ನನಗೆ ಕೋಣೆ ಇರಲಿಲ್ಲ. ಕೆಳಗಿನ ಸಾಲಿನ ಮಿಸೆಸ್ ಡಾಬ್ಸನ್ ಎಂಬ ಗಣಿಕಾರ್ಮಿಕನ ವಿಧವೆ ಮಾತ್ರ ಇರಲಿ ಬಿಡಿ ಎಂದಳು. ಹುಮನಾಬಾದಿನಲ್ಲಿ ಓದುವಾಗ ನಾನು ಕೋಣೆ ಹುಡುಕಿದವನು. ಖಾಲಿ ಕೋಣೆಗೆ ನನ್ನ ಮುಖ ಕಂಡ ಕೂಡಲೇ ತಂಗಿಯರು ಹುಟ್ಟುವುದು ನನಗೆ ಹೊಸದಲ್ಲ.

ಆಕೆಯ ಇಂಗ್ಲಿಷು ನಾನು ಪುಸ್ತಕದಲ್ಲಿ ಕಲಿತ ಇಂಗ್ಲಿಷಲ್ಲ. ಮೊದಲೆರಡು ದಿನ ಬರಿ ಕತ್ತು ಆಡಿಸಿದೆ. ಆಮೇಲೆ ಕಿವಿ ಪಳಗಿತು. ಎಷ್ಟು ಪಳಗಿತೆಂದರೆ ಆಕೆಯ ಮಾತು ನನಗೆ ಬೀದರ್ ಕಡೆಯ ಕನ್ನಡದಂತೆಯೇ ಕೇಳತೊಡಗಿತು. ಹಾಗೆಯೇ ಇಲ್ಲಿ ಬರೆಯುತ್ತೇನೆ.

“ಮಗಾ, ಪಾಯಖಾನಿ ಹೊರಗದ, ಓಣಿ ದಾಟಿ. ಮಳಿ ಬಂದ್ರ ಛತ್ರಿ ತಗೊಂಡ್ ಹೋಗು” ಎಂದಳು ಬಂದ ದಿನ.

ಇಂಗ್ಲೆಂಡಿನಲ್ಲಿ ಎಲ್ಲರಿಗೂ ಮನೆಯೊಳಗೇ ಎಲ್ಲವೂ ಇರುತ್ತದೆ ಎಂದುಕೊಂಡಿದ್ದೆ. ಮೇಲಿನ ಮನೆಗಳಿಗೆ ಇತ್ತು. ಕೆಳಗಿನ ಸಾಲಿಗೆ ಇರಲಿಲ್ಲ. ಛತ್ರಿ ಹಿಡಿದು ಪಾಯಖಾನೆಗೆ ಹೋಗುತ್ತಾ, ನಮ್ಮನ್ನು ಆಳಿದವರ ದೇಶ ಇದೇ ಎಂದು ನನಗೆ ನಾನೇ ಹೇಳಿಕೊಳ್ಳಬೇಕಾಯಿತು.

ಅವ್ವ ಕೊಟ್ಟ ಹಿಂಡಿಯನ್ನು ಆಕೆ ಬ್ರೆಡ್ಡಿಗೆ ಸವರಿ ಬಾಯಿಗಿಟ್ಟಳು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಒಂದು ಚಂಬು ನೀರು ಕುಡಿದಳು. “ನಿಮ್ಮವ್ವಗ ನಿನ್ನ ಮ್ಯಾಲ ಅಷ್ಟ್ಯಾಕ ಸಿಟ್ಟು?” ಎಂದಳು. ಮರುದಿನ ಬೆಳಿಗ್ಗೆ ಡಬ್ಬಿ ಎಲ್ಲಿಟ್ಟಿ ಎಂದು ಅವಳೇ ಕೇಳಿದಳು.

ಅಲ್ಲಿಯವರಿಗೆ ಬಸ್ಸಿನ ಡ್ರೈವರನಿಗೆ ಇಳಿಯುವಾಗ ಥ್ಯಾಂಕ್ಯೂ ಹೇಳುವ ರೂಢಿ. ಡ್ರೈವರನೂ ಕೆಳಗಿನ ಸಾಲಿನ ಮುಂದೆ ಬಸ್ಸು ನಿಲ್ಲಿಸಿ, ಮಿಸೆಸ್ ಡಾಬ್ಸನ್ ಬಾಗಿಲಿಗೆ ಬೀಗ ಹಾಕಿ ಮೊಣಕಾಲು ನೋವಿನಲ್ಲಿ ನಿಧಾನ ಬರುವವರೆಗೂ ಕಾಯುತ್ತಿದ್ದ. ಯಾರೂ ಗೊಣಗುತ್ತಿರಲಿಲ್ಲ. ನಮ್ಮ ಕಡೆ ಬಸ್ಸು ಹೋಗುವ ಊರುಗಳಲ್ಲಿ ಡ್ರೈವರು ಪಾಟೀಲರ ಮನೆ ಮುಂದೆ ಮಾತ್ರ ಹೀಗೆ ಕಾಯುತ್ತಾನೆ ಎಂದು ಆಕೆಗೆ ಹೇಳಿದೆ.

ಒಂದು ದಿನ ಮೇಲಿನ ಅಂಗಡಿಗೆ ಹೋಗಿದ್ದೆ. ಅಂಗಡಿಯ ಹೆಂಗಸು ನಗುನಗುತ್ತಾ ಎಲ್ಲಿ ಇಳಿದುಕೊಂಡಿದ್ದೀರಿ ಎಂದಳು. ಮಿಸೆಸ್ ಡಾಬ್ಸನ್ ಮನೆಯಲ್ಲಿ ಎಂದೆ.

“ಓ, ಕೆಳಗ” ಎಂದಳು. ನಗು ಇದ್ದ ಹಾಗೇ ಇತ್ತು, ಚಿಲ್ಲರೆಯನ್ನು ಮಾತ್ರ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟಳು. ನಾನಾಗಿ ಏನಾದರೂ ಕಲ್ಪಿಸಿಕೊಂಡೆನೇ ಎಂದು ಅನುಮಾನ ಬಂದು ಮತ್ತೆರಡು ಸಲ ಹೋಗಿ ನೋಡಿದೆ. ಎರಡು ಸಲವೂ ಕಟ್ಟೆಯ ಮೇಲೆಯೇ.

ಸಂಜೆ ಮಿಸೆಸ್ ಡಾಬ್ಸನ್‌ಗೆ ಕೇಳಿದರೆ ಆಕೆ ಒಲೆಗೆ ಕಲ್ಲಿದ್ದಲು ಹಾಕುತ್ತಾ ಹೇಳಿದಳು. “ನಮ್ಮಜ್ಜನ ಕಾಲದಾಗ ಮ್ಯಾಲಿನ ಮಂದಿ ಹರತಾಳ ಮಾಡಿದ್ರು. ಮಾಲಕರು ಸಮುದ್ರದಾಚೆಯಿಂದ ನಮ್ಮವ್ರನ್ನ ಕರ್ಕೊಂಡ್ ಬಂದು ಗಣಿಯಾಗ ಇಳಿಸಿದ್ರು. ಆಗ ಕಟ್ಟಿದ್ದು ಈ ಸಾಲು. ಗಣಿ ಮುಚ್ತು, ಮಾಲಕರು ಹೋದ್ರು. ನಾವಿನ್ನೂ ಹರತಾಳ ಮುರದವ್ರೇ.”

“ನೀವು ಹುಟ್ಟಿದ್ದೇ ಇಲ್ಲಿ.”

“ಹುಟ್ಟಿದ್ದು ಇಲ್ಲೇ. ನನ್ನ ಮಗಳು ಜೀನ್ ಮ್ಯಾಲಿನ ಹುಡುಗನ್ನ ಮದುವಿ ಆಗ್ಯಾಳ, ಮ್ಯಾಲೇ ಇರ್ತಾಳ. ಬೀಗರು ಒಳ್ಳೇ ಮಂದಿ. ಕ್ರಿಸ್‌ಮಸ್‌ಗ ಒಮ್ಮೆ ಇಳದ್ ಬರ್ತಾರ.”

ಸಭೆ

ಸಭಾಭವನ ತುಂಬಿತ್ತು. ಮೇಲಿನವರು ಮುಂದೆ ಕೂತಿದ್ದರು, ಕೆಳಗಿನವರು ಹಿಂದಿನ ಗೋಡೆಗೆ ಒರಗಿದ್ದರು. ಹಾಗೆ ಕೂರಿ ಎಂದು ಯಾರೂ ಹೇಳಿರಲಿಲ್ಲ.

ಲೋವೆಲ್ ಸಮಸ್ಯೆಯನ್ನು ನೇರವಾಗಿ ಇಟ್ಟರು. ಊರನ್ನು ಒಟ್ಟಾಗಿ ತೂಗಿದರೆ ಡಿ. ಕಾರಣ, ಕೆಳಗಿನ ಸಾಲಿನ ಮನೆಗಳು ತೇವ ಹಿಡಿದಿವೆ, ಅಲ್ಲಿ ಇರುವವರೆಲ್ಲ ಮುದುಕರು. ಡಿ ಬಂದರೆ ಶಾಲೆ ಮುಚ್ಚುತ್ತದೆ, ಬಸ್ಸು ನಿಲ್ಲುತ್ತದೆ.

ಆಗ ಮಿಸ್ಟರ್ ಆರ್ಚರ್ ಎದ್ದರು. ಚರ್ಚಿನ ಹಿರಿಯರು, ಬಿಳಿ ಮೀಸೆ, ಸಭ್ಯ ಮನುಷ್ಯ. ಒಂದು ದಾರಿ ಇದೆ ಎಂದರು. ಕೆಳಗಿನ ಸಾಲಿಗೂ ಊರಿಗೂ ನಡುವೆ ತೊರೆ ಹರಿಯುತ್ತದೆ. ಹಾಗೆ ನೋಡಿದರೆ ಅದು ಬೇರೆಯೇ ಜಾಗ. ಅದನ್ನು ಬೇರೆಯಾಗಿ ಎಣಿಸಿದರೆ ಮೇಲಿನ ಊರಿಗೆ ಸಿ ಸಿಗುತ್ತದೆ. ಶಾಲೆ ಉಳಿಯುತ್ತದೆ, ಬಸ್ಸು ಚರ್ಚಿನವರೆಗೆ ಬರುತ್ತದೆ.

“ಕೆಳಗಿನವರು?” ಎಂದು ಹಿಂದಿನಿಂದ ಒಬ್ಬ ಕೇಳಿದ.

“ಅವರ ಬಗ್ಗೆ ನಮಗೆ ಅಪಾರ ಪ್ರೀತಿ ಇದೆ” ಎಂದರು ಆರ್ಚರ್.

ಅತಿಥಿಯೂ ಎರಡು ಮಾತು ಹೇಳಲಿ ಎಂದು ಲೋವೆಲ್ ನನ್ನನ್ನು ಕರೆದರು. ಭಾರತದ ಅಭಿವೃದ್ಧಿಯ ಬಗ್ಗೆ ಸಿಹಿಯಾಗಿ ಏನಾದರೂ ಹೇಳುತ್ತಾನೆ ಎಂದು ಅವರ ನಿರೀಕ್ಷೆ. ನಾನು ಅವ್ವನ ಮಾತು ನಡೆಸಿಕೊಟ್ಟೆ. ನಮ್ಮ ಹಳ್ಳದ ಕತೆ ಹೇಳಿದೆ. ಹೊರಸಿನ ಮೇಲೆ ದಾಟಿದ ಅಕ್ಕನ ಕತೆ ಹೇಳಿದೆ. ಆಮೇಲೆ ವಾದ ಶುರು ಮಾಡಿದೆ. ತೊರೆಯಿಂದಲೇ ಊರು ಬೇರೆಯಾಗುವುದಾದರೆ ನಿಮ್ಮ ಅಜ್ಜಂದಿರು ಅದರ ಮೇಲೆ ಸೇತುವೆ ಕಟ್ಟಿದ್ದೇಕೆ? ಕಾಲು ಕತ್ತರಿಸಿ ತೂಕ ಇಳಿಯಿತೆಂದು ಹಿಗ್ಗುವವನಿಗೂ ನಿಮಗೂ ಏನು ವ್ಯತ್ಯಾಸ? ಇಂದು ಕೆಳಗಿನ ಸಾಲು. ನಾಳೆ ಅಳತೆ ಬಿಗಿಯಾದರೆ ಮೇಲಿನವರಲ್ಲೇ ಯಾರು ಕೆಳಗಿನವರು?

ಚಪ್ಪಾಳೆ ಬಿತ್ತು, ಮುಂದಿನ ಸಾಲಿನಿಂದಲೂ. ಆರ್ಚರ್ ಕೈ ಕುಲುಕಿ, “ಇಷ್ಟು ಒಳ್ಳೆಯ ಭಾಷಣ ಈ ಭವನದಲ್ಲಿ ಕೇಳಿರಲಿಲ್ಲ” ಎಂದರು. ಅವರ ಕಣ್ಣುಗಳು ನಿಜಕ್ಕೂ ಒದ್ದೆಯಾಗಿದ್ದವು. ಗುಲ್ಬರ್ಗಾದಲ್ಲಾಗಿದ್ದರೆ ಢಾಲು ನನಗೇ.

ಆಮೇಲೆ ಕೈ ಎತ್ತಿಸಿದರು. ಬೇರೆ ಮಾಡಬೇಕು ಎನ್ನುವವರು? ಆರ್ಚರ್ ಅದೇ ಒದ್ದೆ ಕಣ್ಣಿನಲ್ಲಿ ಕೈ ಎತ್ತಿದರು. ಮುಂದಿನ ಸಾಲುಗಳೆಲ್ಲ ಎತ್ತಿದವು. ನಾನು ತಿರುಗಿ ಹಿಂದೆ ನೋಡಿದೆ. ಗೋಡೆಗೆ ಒರಗಿದ್ದ ಮಿಸೆಸ್ ಡಾಬ್ಸನ್ ಕೂಡ ಕೈ ಎತ್ತಿದ್ದಳು.

ಇಳಿಜಾರು

ಇಬ್ಬರೂ ಇಳಿದು ಬಂದೆವು. ಮೊಣಕಾಲು ನೋವೆಂದು ಆಕೆ ನನ್ನ ತೋಳು ಹಿಡಿದಿದ್ದಳು. ಕೇಳದೆ ತಡೆಯಲಾಗಲಿಲ್ಲ.

“ನೀವ್ಯಾಕೆ ಕೈ ಎತ್ತಿದಿರಿ?”

“ಜೀನ್‌ಳ ಹುಡುಗ್ರು ಓದ್ಲಿಕ್ಕ ಆ ಶಾಲಿಗೇ ಹೋಗ್ತಾವ.”

“ನಿಮ್ಮ ಮನೆ ಹೋಗುತ್ತದೆ. ಬಸ್ಸು ಹೋಗುತ್ತದೆ.”

“ಹೋಗ್ತದ.”

“ಅನ್ಯಾಯಕ್ಕೆ ನೀವೇ ಕೈ ಎತ್ತಿದರೆ ನಾನು ಮಾತಾಡಿದ್ದು ಯಾರಿಗಾಗಿ?”

ಆಕೆ ನಿಂತಳು. “ಛಂದ ಮಾತಾಡ್ದಿ ಮಗಾ, ಇಲ್ಲನ್ನಂಗಿಲ್ಲ. ಮಾತು ಮುಗೀತು, ನೀ ಊರಿಗಿ ಹೋಗ್ತಿ. ನಾ ನಾಳಿ ಮುಂಜಾನಿ ಅದೇ ಅಂಗಡಿಗಿ ರೊಟ್ಟಿ ತರ್ಲಿಕ್ಕ ಹೋಗಬೇಕು. ನಿಮ್ಮಜ್ಜಿಯಿಂದ ಶಾಲಿ ಮುಚ್ತು ಅಂತ ಆ ಮಂದಿ ನನ್ನ ಮೊಮ್ಮಕ್ಕಳ ಮುಂದ ಅಂದ್ರ?”

ಆಕೆ ಮತ್ತೆ ನನ್ನ ತೋಳು ಹಿಡಿದು ಇಳಿಯತೊಡಗಿದಳು.

ನಾನು ಹೊರಟ ದಿನ ಬಸ್ಸು ಇನ್ನೂ ಕೆಳಗಿನ ಸಾಲಿಗೆ ಬರುತ್ತಿತ್ತು. ಆದರೂ ಆಕೆ ನನ್ನನ್ನು ದಿಬ್ಬದ ಮೇಲಿನ ನಿಲ್ದಾಣದವರೆಗೆ ನಡೆಸಿಕೊಂಡು ಹೋದಳು. “ಮುಂದ ಇಲ್ಲಿ ತನ ಬರಬೇಕಲ್ಲ, ಕಾಲಿಗಿ ರೂಢಿ ಆಗ್ಲಿ” ಎಂದಳು. ದಾರಿಯಲ್ಲಿ ಮೂರು ಕಡೆ ಕೂತು ದಮ್ಮು ತಗೊಂಡಳು. ಹಿಂಡಿಯ ಡಬ್ಬಿಯನ್ನು ಆಕೆಗೇ ಬಿಟ್ಟು ಬಂದೆ.

ಮತ್ತೆ ಹುಮನಾಬಾದ್

ಮಾಣಿಕನಗರದ ತಿರುವಿನಲ್ಲಿ ಬಸ್ಸು ನಿಂತಾಗ ಹೊರಗಿನಿಂದ ಒಂದು ಟವೆಲ್ಲು ನನ್ನ ಮುಖಕ್ಕೇ ಬಡಿಯಿತು. ಊರಿಗೆ ಬಂದೆ ಎಂದು ಗೊತ್ತಾಯಿತು.

ಕಚೇರಿಯಲ್ಲಿ ನಕ್ಷೆಯ ಕೆಲಸ ಶುರುವಾದ ವಾರವೇ ನಮ್ಮೂರಿನ ಪಾಟೀಲರು ಬಂದರು. ನನ್ನ ಮೇಜಿನ ಎದುರು ಅವರು ಕೂತದ್ದು ಅದೇ ಮೊದಲು.

“ಏನಪಾ, ಲಂಡನ್ ಮುಗಸ್ಕೊಂಡ್ ಬಂದಿ? ನಮ್ಮೂರ ಹೆಸರು ತಂದಿ ನೋಡು. ಈಗ ಒಂದ್ ಕೆಲಸ ಅದ. ನಮ್ಮೂರಿಗಿ ದರ್ಜೆ ಸಿಗ್ಲಿಕ್ಕ ಮಂದಿ ಜರಾ ಕಮ್ಮಿ ಬೀಳಾಕತ್ತಾರ. ಹಳ್ಳದಾಚಿನವ್ರನ್ನೂ ಹಿಡಕೊಂಡು ಒಂದೇ ಊರಂತ ಬರಿ. ನೀವೇನ್ ಬ್ಯಾರೇನು? ಎಲ್ಲಾ ಒಂದೇ.”

ನಾವೆಲ್ಲ ಒಂದೇ ಎಂದು ಅವರ ಬಾಯಿಂದ ಕೇಳಲು ನಾನು ಇಂಗ್ಲೆಂಡಿಗೆ ಹೋಗಿ ಬರಬೇಕಾಯಿತು.

“ಬಸ್ಸು ಎಲ್ಲಿ ನಿಲ್ತದರಿ?” ಎಂದೆ.

“ಹನುಮಪ್ಪನ ಗುಡಿ ಮುಂದ. ಬಸ್ ತಿರುಗ್ಲಿಕ್ಕ ಜಾಗಾ ಅಲ್ಲೇ ಅದ.”

“ಹಳ್ಳದ ಮ್ಯಾಲ ಸೇತುವೆ?”

“ಏ, ಮೊದಲ ರೋಡ್ ಬರ್ಲಿ ತಗೊ. ಈಗ್ಲೇ ಹಳ್ಳ ಎಲ್ಲಿ ತೆಗೀತಿ?”

ಸಾಹೇಬರ ಬಳಿ ಹೋಗಿ ವಾದಿಸಿದೆ. ನಮ್ಮ ಓಣಿಯನ್ನು ಬೇರೆಯಾಗಿ ಎಣಿಸಿ, ಅದಕ್ಕೊಂದು ಹೆಸರು ಕೊಡಿ, ಅದರ ಕೊರತೆಯನ್ನು ಬೇರೆಯಾಗಿ ಬರೆಯಿರಿ ಎಂದೆ. ಮಾತಾಡುತ್ತಿದ್ದಂತೆ ನನ್ನ ದನಿಯಲ್ಲಿ ಆರ್ಚರ್ ದನಿ ಕೇಳಿಸಿತು. ಅಲ್ಲಿ ಬೇರೆ ಮಾಡಬೇಡಿ ಎಂದು ಚಪ್ಪಾಳೆ ಗಿಟ್ಟಿಸಿದವನು ಇಲ್ಲಿ ಬೇರೆ ಮಾಡಿ ಎನ್ನುತ್ತಿದ್ದೆ. ಪರ ಮತ್ತು ವಿರೋಧ ಎರಡನ್ನೂ ಕಲಿತ ಬಾಯಿ.

ಸಾಹೇಬರು ಶಾಂತವಾಗಿ ಹೇಳಿದರು. “ಬ್ಯಾರೆ ಹಿಡದ್ರ ನಿಮ್ಮೂರು ದರ್ಜೆದಾಗ ಬೀಳಂಗಿಲ್ಲ. ರೋಡು ಆ ನಿರ್ಣಾ ಊರಿನ ಕಡಿ ಹೋಗ್ತದ. ನಿಮ್ಮ ಓಣಿಗೂ ಇಲ್ಲ, ಊರಿಗೂ ಇಲ್ಲ. ನಡೀತದೇನು? ಮನ್ಯಾಗ ಕೇಳ್ಕೊಂಡ್ ಬಾ.”

ಕೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಊರ ತನ ಆದ್ರೂ ಬರ್ಲಿ ಬಿಡು. ಹಳ್ಳ ನಾ ದಾಟ್ತೀನಿ. ದಾಟೂದು ನನಗೇನ್ ಹೊಸಾದೇನು?”

ಅವಳ ಹಿಟ್ಟಿನ ಕೈ ಮೇಲೆದ್ದು ರೊಟ್ಟಿಯ ಮೇಲೆ ಬೀಳುತ್ತಿತ್ತು. ಕೈ ಎತ್ತಿದ ಇನ್ನೊಬ್ಬಳು ನೆನಪಾಗಿ ನಾನು ಎದ್ದು ಹೊರಗೆ ಬಂದೆ.

ಒಂದೇ ಊರು ಎಂದೇ ಬರೆದೆ. ಆದರೆ ಒಂದು ಊರಿಗೆ ನಕ್ಷೆಯ ಮೇಲೆ ಒಂದೇ ಚುಕ್ಕಿ, ಆ ಚುಕ್ಕಿಯನ್ನು ಎಲ್ಲಾದರೂ ಇಡಲೇಬೇಕು. ರಸ್ತೆಯ ಕೆಂಪು ಗೆರೆ ಚುಕ್ಕಿಯವರೆಗೆ ಬರುತ್ತದೆ. ಕೆಂಪು ಗೆರೆ ಹಳ್ಳದ ನೀಲಿ ಗೆರೆಯನ್ನು ದಾಟಿದಲ್ಲೆಲ್ಲ ಸೇತುವೆಯ ಅಂದಾಜು ಹಾಕಬೇಕು ಎನ್ನುವುದು ಕಚೇರಿಯ ನಿಯಮ. ನಾನು ಚುಕ್ಕಿಯನ್ನು ಹಳ್ಳದ ಆಚೆ ಇಟ್ಟೆ. ಎಲ್ಲ ಒಂದೇ ಅಲ್ಲವೇ? ಯಾವ ಬದಿಗಿಟ್ಟರೇನು? ಕೆಂಪು ಗೆರೆ ಊರನ್ನು ಹಾಯ್ದು, ನೀಲಿ ಗೆರೆ ದಾಟಿ, ನಮ್ಮ ಮನೆಯವರೆಗೆ ಬಂತು. ಅಪ್ಪನ ಟವೆಲ್ಲನ್ನು ಮತ್ತೊಮ್ಮೆ ಕಿಟಕಿಯಿಂದ ಒಗೆದಂತಾಯಿತು.

ಸಾಹೇಬರು ನಕ್ಷೆ ನೋಡಿದರು. ಪಾಟೀಲರೂ ಪಕ್ಕದಲ್ಲಿ ನಿಂತಿದ್ದರು. ಯಾರೂ ದನಿ ಏರಿಸಲಿಲ್ಲ. ಸಾಹೇಬರು ನನ್ನ ಮೇಜಿನ ಮೇಲಿದ್ದ ಬ್ಲೇಡು ತೆಗೆದುಕೊಂಡು, ಚುಕ್ಕಿಯನ್ನು ಹಗುರವಾಗಿ ಕೆರೆದು, ಮಸಿಯ ಪುಡಿಯನ್ನು ಊದಿ, ಹಳ್ಳದ ಈಚೆ ಹೊಸ ಚುಕ್ಕಿ ಇಟ್ಟರು. ಬ್ಲೇಡನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

“ಜರಾ ಸರದು ಬಿದ್ದಿತ್ತು, ತಮ್ಮಾ.”

ನಾನು ಹೌದ್ರಿ ಎಂದೆ. ಬಹುಶಃ ಥ್ಯಾಂಕ್ಯೂ ಎಂದೂ ಹೇಳಿದೆ.

ರಸ್ತೆ ಬಂದಿದೆ, ಬಸ್ಸೂ ಬಂದಿದೆ. ಗುಡಿಯ ಮುಂದೆ ತಿರುಗಿ ನಿಲ್ಲುತ್ತದೆ. ಅವ್ವ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿ ಕಟ್ಟಿ ಹಳ್ಳಕ್ಕೆ ಇಳಿಯುತ್ತಾಳೆ.